ಹನ್ನೊಂದು ಗಂಟೆಯ ಪ್ರಾಕ್ಟೀಸ್

ಗಂಗಾನಗರ
26 ಆಗಸ್ಟ್ 2024

ವೇಣು ಅಂಕಲ್ ಅವರಿಗೆ,

ಕಾಗದ ನೋಡಿ ಗಾಬರಿಯಾಗಬೇಡಿ, ಅಬ್ಬಾ ನೀವು ಕಳೆದ ವಾರ ನೋಡಿ ಹೋದ ಹಾಗೇ ಇದ್ದಾರೆ. ಫೋನಿನಲ್ಲಿ ನನ್ನ ಧ್ವನಿ ನಿಮಗೆ ಕೇಳಿಸುವುದಿಲ್ಲ. ನಲವತ್ತು ವರ್ಷ ಡ್ರಮ್ಸ್ ಬಾರಿಸಿದ ಕಿವಿ ಅಂತ ನೀವೇ ಹೇಳುತ್ತಿದ್ದಿರಿ. ಜೋರಾಗಿ ಮಾತಾಡಿದರೆ ಈ ಎರಡು ಕೋಣೆಯ ಮನೆಯಲ್ಲಿ ಅಮ್ಮಿಗೆ ಕೇಳಿಸುತ್ತದೆ. ಎದುರು ನಿಂತು ಕೇಳುವ ಧೈರ್ಯವಂತೂ ನನಗೆ ಮೊದಲಿನಿಂದಲೂ ಇಲ್ಲ. ನೀವು ಬಂದಾಗೆಲ್ಲ ಚಹಾ ಇಟ್ಟು, ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು, ನಿಮ್ಮಿಬ್ಬರ ಮಾತು ಕೇಳುತ್ತಿದ್ದವಳು ನಾನು.

ವಿಷಯ ಅಮ್ಮಿಯದು. ಆಗಸ್ಟ್ ನಾಲ್ಕರ ಭಾನುವಾರ ಸಂಜೆ ನಿಮ್ಮ ಜಾಝ್ ಕಾರ್ಯಕ್ರಮ ಇತ್ತಲ್ಲ, ಅದೇ ಸಂಜೆ ನಮ್ಮ ಚಿಕ್ಕಪ್ಪನ ಮಗಳು ಮುನ್ನಿಯ ನಿಶ್ಚಿತಾರ್ಥವೂ ಇತ್ತು. ಬೆಳಿಗ್ಗೆ ಒಂಬತ್ತೂವರೆಗೆ ಅಬ್ಬಾ ಸ್ಯಾಕ್ಸೋಫೋನ್ ಪೆಟ್ಟಿಗೆ ಎತ್ತಿಕೊಂಡು ಚಿಕ್ಕಬಾಣಾವರಕ್ಕೆ, ನಿಮ್ಮ ಮನೆಗೆ ಪ್ರಾಕ್ಟೀಸಿಗೆ ಹೊರಟರು. ಚೆನ್ನಾಗಿದ್ದರು. ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟಿಕೊಂಡದ್ದನ್ನು ನಾನೇ ನೋಡಿದೆ. ವಾಪಸ್ ಬಂದಾಗ ಎರಡು ಗಂಟೆ. ಊಟಕ್ಕೆ ಕೂರಲಿಲ್ಲ, ಇಸ್ತ್ರಿ ಮಾಡಿಟ್ಟಿದ್ದ ಶರ್ಟು ಮುಟ್ಟಲಿಲ್ಲ, ಹೊಸಿಲ ಹತ್ತಿರದ ಸ್ಟೂಲಿನ ಮೇಲೆ ಕೂತೇ ಇದ್ದರು. ಅಮ್ಮಿ ಶುರು ಮಾಡಿದರು: "ಮನೆ ಹುಡುಗಿಯ ನಿಶ್ಚಿತಾರ್ಥ. ನೀವು ಕೆಂಪಾಪುರದಲ್ಲಿ ಇಪ್ಪತ್ತು ಜನ ಕುಡುಕರಿಗೆ ಪೀಪಿ ಊದ್ತೀರ!" ಅಬ್ಬಾ ಒಂದು ಮಾತೂ ಆಡಲಿಲ್ಲ. ಯಾವತ್ತೂ ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತಿದ್ದವರು ಅವತ್ತು ಸುಮ್ಮನೇ ಕೂತಿದ್ದರು. ಆ ಸುಮ್ಮನಿರುವಿಕೆಗೇ ಅಮ್ಮಿಗೆ ರೇಗಿತು. "ಆ ಊದೋ ಬಾಯಿ ಸೊಟ್ಟಗಾಗಿ ಹೋಗ್ಲಿ" ಅಂದುಬಿಟ್ಟರು. ಅಬ್ಬಾ ಎದ್ದು ಆಟೋ ಹಿಡಿದು ಹೋದರು.

ಸಂಜೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಅಮ್ಮಿ ಅಬ್ಬಾನ ಬಾಯಿ ನೋಡಿದರು. ಅವತ್ತಿನಿಂದ ಅವರು ಅವರಾಗಿ ಉಳಿದಿಲ್ಲ. ದಿನಕ್ಕೆ ನಾಲ್ಕು ಸಲ ಜೈತೂನ್ ಎಣ್ಣೆ ಹಚ್ಚಿ, ಜೋತುಬಿದ್ದ ಬಲತುಟಿಯನ್ನು ಎರಡು ಬೆರಳಿನಿಂದ ಮೇಲಕ್ಕೆತ್ತಿ ಹಿಡಿದು ಕೂತಿರುತ್ತಾರೆ. ಸೋಮವಾರ, ಗುರುವಾರ ರೋಜಾ ಇಟ್ಟು ಹಗಲೆಲ್ಲ ಉಪವಾಸ ಇರುತ್ತಾರೆ, ಪಶ್ಚಾತ್ತಾಪಕ್ಕೆ ಅಂತ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ನಿಮಗೆ ಗೊತ್ತು.

ಅದಕ್ಕೇ ಕೇಳುತ್ತಿದ್ದೇನೆ. ಹನ್ನೊಂದು ಗಂಟೆಯ ಪ್ರಾಕ್ಟೀಸಿನಲ್ಲಿ ಅಬ್ಬಾ ಸರಿಯಾಗಿದ್ದರಾ? ಅಲ್ಲೇ ಏನಾದರೂ ಹೆಚ್ಚುಕಮ್ಮಿ ಶುರುವಾಗಿದ್ದರೆ ಅದು ಅಮ್ಮಿಯ ಮಾತಿಗಿಂತ ಮೊದಲು ಆದದ್ದು. ಅಷ್ಟು ಗೊತ್ತಾದರೆ ಸಾಕು, ಅವರನ್ನು ಊಟಕ್ಕೆ ಕೂರಿಸಬಲ್ಲೆ.

ಇತಿ,
ನಿಶಾತ್


ಚಿಕ್ಕಬಾಣಾವರ
31 ಆಗಸ್ಟ್ 2024

ಪುಟ್ಟಿ ನಿಶಾತ್,

ನಿನ್ನ ಅಕ್ಷರ ಮುದ್ದಾಗಿದೆ. ನಿನ್ನ ಅಬ್ಬಾ ಸರ್ದಾರ್ ಹೇಳ್ತಿದ್ದ, "ನಮ್ಮ ಮನೇಲಿ ಕನ್ನಡ ಎಂಎ ಓದಿರೋದು ಅವಳೊಬ್ಬಳೇ, ನನಗೆ ಬರೋ ಕೋರ್ಟು ಕಾಗದಾನೂ ಪದ್ಯದ ಥರ ಓದ್ತಾಳೆ ಕಣೋ" ಅಂತ.

ಕೆಂಪಾಪುರದ ಆ ಹಾಲ್ ನೀನು ನೋಡಿಲ್ಲ. ಕೆಳಗೆ ಟೈಲ್ಸ್ ಅಂಗಡಿ, ಮೇಲೆ ನಮ್ಮದು. ತಿಂಗಳ ಮೊದಲ ಭಾನುವಾರ ಐವತ್ತು ಕುರ್ಚಿ ಹಾಕುತ್ತೇವೆ, ಇಪ್ಪತ್ತು ತುಂಬುತ್ತವೆ. ಕುಡುಕರು ಯಾರೂ ಇಲ್ಲ ಅಂತ ಅಮ್ಮಿಗೆ ಹೇಳು, ಅಲ್ಲಿ ಸಿಗೋದು ನಿಂಬೆ ಟೀ ಮಾತ್ರ. ನಾವು ಮೂವರೇ: ನಿನ್ನ ಅಬ್ಬಾ, ನಾನು, ಕೀಬೋರ್ಡಿಗೆ ವಸಿಷ್ಠ. ವಸಿಷ್ಠ ಯಲಹಂಕದ ಹುಡುಗ, ಬ್ಯಾಂಕಿನಲ್ಲಿದ್ದಾನೆ. ಸರ್ದಾರ್ ವಾರವೆಲ್ಲ ಮದುವೆ ಬ್ಯಾಂಡಿನಲ್ಲಿ ಕುದುರೆ ಮುಂದೆ ಬರೆದಿಟ್ಟದ್ದನ್ನು ಊದಬೇಕು. ಬರೆಯದೇ ಇರುವುದನ್ನು ಊದೋದಕ್ಕೆ ಅವನಿಗಿದ್ದದ್ದು ಆ ಒಂದು ಭಾನುವಾರ. ಒಂದೇ ಹಾಡು ಹಿಡಿದು, ಒಬ್ಬೊಬ್ಬರೂ ಸರದಿಯ ಮೇಲೆ ತಮಗೆ ತೋಚಿದಂತೆ ಬೆಳೆಸಿಕೊಂಡು ಹೋಗೋದು ನಮ್ಮ ಜಾಝ್.

ಅವತ್ತು ಏಳೂಕಾಲಿಗೆ, ಅವನ ಮೊದಲ ಸರದಿಯಲ್ಲೇ, ಸ್ಯಾಕ್ಸೋಫೋನ್ ಮಡಿಲಿಗೆ ಇಳಿಸಿ ತಲೆ ಬಗ್ಗಿಸಿದ. ಮಧ್ಯೆ ಜಾಗ ಬಿಡೋದು ಅವನಿಗೆ ರೂಢಿ. ಒಂದು ಸುತ್ತು ಕಾದೆವು, ಇನ್ನೊಂದು ಸುತ್ತು ಬಾರಿಸಿದೆವು. ಆಮೇಲೆ ಕುರ್ಚಿಯಿಂದ ಜಾರಿದ. ನಾನೇ ಹೊತ್ತುಕೊಂಡು ಇಳಿದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಎಷ್ಟು ಹೊತ್ತಿಗೆ ಶುರುವಾಯಿತು ಅಂದರು, ಏಳೂಕಾಲು ಅಂದೆ. ನೀವು ಬರುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟಾಗಿತ್ತು.

ಬೆಳಿಗ್ಗೆ ಚೆನ್ನಾಗೇ ಇದ್ದ ಪುಟ್ಟಿ. ಎರಡು ಇಡ್ಲಿ ತಿಂದ. ನಿನ್ನ ಅಮ್ಮಿ ಅಮೀನಾಗೆ ಹೇಳು, ಮಾತಿನಿಂದ ಯಾರಿಗೂ ಲಕ್ವ ಹೊಡೆಯೋದಿಲ್ಲ. ಬಿಪಿ ಮಾತ್ರೆ ಬಿಟ್ಟಿದ್ದನಲ್ಲ, ಅದರಿಂದ ಆಗಿರುತ್ತೆ.

ಮುಂದಿನ ಭಾನುವಾರ ಎಳನೀರು ತರ್ತೀನಿ.

ಆಶೀರ್ವಾದಗಳೊಂದಿಗೆ,
ವೇಣುಗೋಪಾಲ


ಗಂಗಾನಗರ
7 ಅಕ್ಟೋಬರ್ 2024

ವೇಣು ಅಂಕಲ್,

ಆ ಭಾನುವಾರ ನೀವು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ವಸಿಷ್ಠ ಬಂದು ಎಳನೀರು ಕೊಟ್ಟು ಹೋದರು. ನಿಮಗೆ ಮಂಡಿನೋವು ಅಂದರು.

ನಿಮ್ಮ ಕಾಗದವನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. "ಬೆಳಿಗ್ಗೆ ಚೆನ್ನಾಗೇ ಇದ್ದ" ಅನ್ನುವಲ್ಲಿ ನಿಲ್ಲಿಸಿ ಇನ್ನೊಂದು ಸಲ ಹೇಳಿಸಿಕೊಂಡರು. ಬಿಪಿ ಮಾತ್ರೆಯ ಮಾತು ಅವರ ಕಿವಿಗೆ ಹೋಗಲೇ ಇಲ್ಲ. "ನೋಡಿದ್ಯಾ, ವೇಣು ಭಾಯ್ ಮನೆಯಲ್ಲಿ ಚೆನ್ನಾಗಿದ್ದರು. ಈ ಮನೆಗೆ ಬಂದಮೇಲೆ ಹೀಗಾಯಿತು" ಅಂದರು. ಮಾರನೇ ದಿನದಿಂದ ಪ್ರತಿದಿನ ರೋಜಾ.

ಹೋದ ಶುಕ್ರವಾರ ಬಚ್ಚಲಲ್ಲಿ ಬಿದ್ದರು. ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ಬಾಯಿಗೆ ಜೇನುತುಪ್ಪ ಹಾಕಿದರೆ ಎಚ್ಚರವಾದದ್ದೇ ಉಗುಳಿದರು. ಗಲ್ಲಿಯ ಮೌಲ್ವಿ ಸಾಹೇಬರೇ ಬಂದು, ಕಾಯಿಲೆಯವರು ಹೀಗೆ ಉಪವಾಸ ಮಾಡುವುದನ್ನು ನಮ್ಮ ಧರ್ಮ, ದೀನ್, ಒಪ್ಪುವುದಿಲ್ಲ ಬೇಟಿ ಅಂದರು. ಅಮ್ಮಿ ತಲೆ ಆಡಿಸಿದರು, ಮಾರನೇ ದಿನ ಮತ್ತೆ ಇಟ್ಟರು. ಅಬ್ಬಾ ಕ್ಷಮಿಸಿದೆ ಅಂತ ಹೇಳಲಿ, ಬಿಡುತ್ತೇನೆ ಅನ್ನುತ್ತಾರೆ. ಅಬ್ಬಾನ ಬಾಯಿಂದ ಹೊರಡುವುದು "ಬಾ" ಅನ್ನುವ ಒಂದೇ ಶಬ್ದ. ನೀರಿಗೂ ಬಾ, ನೋವಿಗೂ ಬಾ.

ಅಬ್ಬಾನನ್ನು ತೋರಿಸಲು ಹೋದಾಗ ಡಾಕ್ಟರನ್ನು ನಾನೇ ಕೇಳಿದೆ. ಅವರ ಮುಂದೆ ಬಾಯಿ ಬಿಡಲು ಅರ್ಧ ಗಂಟೆ ಹಿಡಿಯಿತು. ಅಂದು ಕೊಟ್ಟದ್ದು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನಂತೆ. ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ, ತಡವಾದರೆ ಮೆದುಳಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚಂತೆ. ಅಬ್ಬಾಗೆ ಆ ಸ್ರಾವ ಆಯಿತು. "ಸಮಯದೊಳಗೆ ಕೊಟ್ಟರೂ ನೂರರಲ್ಲಿ ಕೆಲವರಿಗೆ ಆಗುತ್ತಮ್ಮ, ನಿಮ್ಮವರು ಸರಿಯಾದ ಹೊತ್ತಿಗೇ ಕರೆತಂದಿದ್ದರು" ಅಂದರು. ಅಮ್ಮಿಗೆ ಅದೂ ತಮ್ಮ ಶಾಪದ ಮುಂದುವರಿಕೆ. ಎಲ್ಲ ಸರಿಯಾಗಿದ್ದೂ ಕೆಟ್ಟದ್ದು ಆಯಿತಲ್ಲ ಅನ್ನುತ್ತಾರೆ.

ಇನ್ನೊಮ್ಮೆ ನೆನಪು ಮಾಡಿಕೊಳ್ಳುತ್ತೀರಾ? ಸಣ್ಣದಾದರೂ ಪರವಾಗಿಲ್ಲ. ಲೋಟ ಜಾರಿದ್ದು, ಶೂ ಹಾಕಲು ತಡವರಿಸಿದ್ದು, ಯಾವುದಾದರೂ.

ನಿಮ್ಮ,
ನಿಶಾತ್


ಚಿಕ್ಕಬಾಣಾವರ
14 ಅಕ್ಟೋಬರ್ 2024

ಪುಟ್ಟಿ,

ಮಂಡಿನೋವು ನಿಜ.

ಅಮೀನಾ ಬಿದ್ದ ಸುದ್ದಿ ಓದಿ ಊಟ ಸೇರಲಿಲ್ಲ. ಒಂದು ಮಾಡು. ಬೆಳಿಗ್ಗೆಯೇ ಸರ್ದಾರ್‌ಗೆ ಸರಿ ಇರಲಿಲ್ಲ, ಬಲಗೈ ಓಡುತ್ತಿರಲಿಲ್ಲ, ವೇಣು ಹಾಗಂತ ಬರೆದಿದ್ದಾರೆ ಅಂತ ಅವಳಿಗೆ ಹೇಳು. ಅಷ್ಟು ಹೇಳಿದರೆ ಅವಳು ಊಟ ಮಾಡುತ್ತಾಳೆ ಅಂತಾದರೆ ಹೇಳಿಬಿಡು. ನನ್ನ ಹೆಸರಿನಲ್ಲಿ ಏನು ಬೇಕಾದರೂ ಹೇಳು, ನನ್ನ ಅಭ್ಯಂತರ ಇಲ್ಲ. ಒಳ್ಳೆಯದಕ್ಕೆ ತಾನೇ.

ವೇಣುಗೋಪಾಲ


ಗಂಗಾನಗರ
2 ನವೆಂಬರ್ 2024

ವೇಣು ಅಂಕಲ್,

ನಿಮ್ಮ ಕಾಗದವನ್ನು ಹತ್ತು ದಿನ ನಿಘಂಟಿನೊಳಗೆ ಇಟ್ಟಿದ್ದೆ. ನಿಜ ಕೇಳಿದವಳಿಗೆ ನೀವು ಸುಳ್ಳು ಹೇಳಲು ಅನುಮತಿ ಕಳಿಸಿದ್ದಿರಿ. ಆದರೂ ನಿನ್ನೆ ಹೇಳಿದೆ. ಅಮ್ಮಿ ಅಬ್ಬಾಗೆ ಗಂಜಿ ಕುಡಿಸುತ್ತಿದ್ದರು, ಚಮಚ ನಿಲ್ಲಿಸಲಿಲ್ಲ.

"ಮೊದಲು ಚೆನ್ನಾಗಿದ್ದರು ಅಂತ ಬರೆದರು. ನಾನು ಬಿದ್ದೆ ಅಂತ ತಿಳಿದ ಮೇಲೆ ಸರಿ ಇರಲಿಲ್ಲ ಅಂತ ಬರೆದರು. ವೇಣು ಭಾಯ್ ಒಳ್ಳೆಯ ಮನುಷ್ಯ. ನನಗೋಸ್ಕರ ಅವರು ಸುಳ್ಳಿನ ಪಾಪ ಹೊರೋದು ನಕ್ಕೋ. ಬೇಡ ಅಂತ ಬರೆದುಬಿಡು."

ಬರೆದಿದ್ದೇನೆ.

ನಿಶಾತ್


ಚಿಕ್ಕಬಾಣಾವರ
15 ಡಿಸೆಂಬರ್ 2024

ನಿಶಾತ್,

ನವೆಂಬರ್ ಇಪ್ಪತ್ತೆಂಟರಂದು ಖಬರಸ್ತಾನದಲ್ಲಿ ಸರ್ದಾರ್‌ನ ಮೇಲೆ ಮೂರು ಹಿಡಿ ಮಣ್ಣು ಹಾಕಿ ಬಂದೆ. ಅವತ್ತಿನಿಂದ ಈ ಕಾಗದ ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಸುಳ್ಳಿನ ಥರ ಬರೆದದ್ದು ನಿಜ. ಆಗಸ್ಟಿನಲ್ಲಿ ನಿಜದ ಥರ ಬರೆದದ್ದು ಸುಳ್ಳು.

ನಮ್ಮ ಮೂವರಲ್ಲಿ ಒಂದು ಆಟವಿತ್ತು, ಸರ್ದಾರನೇ ಶುರು ಮಾಡಿದ್ದು. ಪ್ರಾಕ್ಟೀಸಿನಲ್ಲಿ ಯಾರಾದರೂ ಒಬ್ಬರು, ಹೇಳದೆ ಕೇಳದೆ, ಒಂದೋ ಎರಡೋ ಸ್ವರಗಳನ್ನು ಪೂರ್ತಿ ಬಿಟ್ಟು ನುಡಿಸಬೇಕು. ಯಾವ ಸ್ವರ ಅಂತ ಉಳಿದವರು ಪತ್ತೆ ಹಚ್ಚಬೇಕು. ಸೋತವರು ಮಸಾಲೆ ದೋಸೆ ಕೊಡಿಸಬೇಕು. ಬಿಟ್ಟ ಸ್ವರಕ್ಕೆ "ಇವತ್ತು ಅದಕ್ಕೆ ರೋಜಾ" ಅನ್ನುತ್ತಿದ್ದ. ಇಲ್ಲದ ಸ್ವರವೂ ಕೇಳಿಸುವ ಹಾಗೆ ಊದೋದು ದೊಡ್ಡ ವಿದ್ಯೆ, ಅವನಿಗೆ ಬರುತ್ತಿತ್ತು.

ಆ ಭಾನುವಾರ ಹನ್ನೊಂದೂಕಾಲಿಗೆ ಅವನ ಸ್ಯಾಕ್ಸೋಫೋನಿನಲ್ಲಿ ಕೆಳಗಿನ ಸ್ವರಗಳೇ ಇರಲಿಲ್ಲ. ಮೇಲಿನವನ್ನು ಎಡಗೈ ಒಂದೇ ನುಡಿಸುತ್ತದೆ, ಕೆಳಗಿಳಿಯಬೇಕಾದರೆ ಬಲಗೈ ಬೇಕು. ಆ ಕೆಳಗಿನ ಸ್ವರಗಳೇ ನನ್ನ ಕಿವಿಗೆ ಸ್ಪಷ್ಟವಾಗಿ ಬೀಳುವುದು, ಅವನ್ನು ಹಿಡಿದುಕೊಂಡೇ ನಾನು ಬಾರಿಸುವವನು. ಬಲಗೈ ಕೀಲಿಗಳ ಮೇಲೆ ಸುಮ್ಮನೆ ಕೂತಿದ್ದದ್ದನ್ನು ಕಣ್ಣಿಂದಲೂ ನೋಡಿದೆ. ನೋಡಿ ಏನು ಮಾಡಿದೆ ಗೊತ್ತಾ? "ಇಡೀ ಬಲಗೈಗೇ ರೋಜಾನಾ ಗುರು?" ಅಂದೆ. ಮೂವತ್ತೈದು ವರ್ಷ ಜೊತೆಗೆ ಬಾರಿಸಿದವನಿಗೆ, ಆಟ ಯಾವುದು ಕಾಯಿಲೆ ಯಾವುದು ಅಂತ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ಇದು ನೆನಪಿಗೇ ಬರಲಿಲ್ಲ, ದೇವರಾಣೆ. ಬೆಳಗಿನದು ಆಟ, ಸಂಜೆಯದು ಕಾಯಿಲೆ, ನನ್ನ ತಲೆಯಲ್ಲಿ ಹಾಗಿತ್ತು. ಏಳೂಕಾಲು ಅಂದೆ. ಶುರುವಾಗಿ ಎಂಟು ತಾಸು ದಾಟಿದ ಮೇಲೆ ಕೊಟ್ಟ ಇಂಜೆಕ್ಷನ್ನನ್ನು ಅವರು ಒಂದು ಗಂಟೆಯೊಳಗೆ ಕೊಟ್ಟಿದ್ದೇವೆ ಅಂದುಕೊಂಡರು. ಮಾರನೇ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದಾಗ ಆ ಬಲಗೈ ಕಣ್ಣಿಗೆ ಕಟ್ಟಿತು. ಎದ್ದು ಡಾಕ್ಟರ ಬಾಗಿಲ ತನಕ ಹೋದೆ, ಒಳಗೆ ಹೋಗಲಿಲ್ಲ. ಆಗ ಹೇಳಿದ್ದರೂ ಅವನಿಗೆ ಏನೂ ಪ್ರಯೋಜನ ಆಗುತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೆ ನಿನ್ನ ಮೊದಲನೇ ಕಾಗದ ಬಂದಾಗ ಹೇಳಿದ್ದರೆ ಅಮೀನಾಗೆ ಆಗುತ್ತಿತ್ತು. ಅದು ಗೊತ್ತಿದ್ದೂ ಇಡ್ಲಿ ತಿಂದ ಕತೆ ಬರೆದೆ.

ವಸಿಷ್ಠ ಪ್ರಾಕ್ಟೀಸನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನೆ. ಆ ದಿನದ್ದನ್ನು ನಿನಗೆ ಕಳಿಸಲು ಹೇಳಿದ್ದೇನೆ. ಅಮೀನಾಗೆ ಕೇಳಿಸು. ಕೆಳಗಿನ ಸ್ವರ ಒಂದೂ ಇಲ್ಲ, ಅವನು ಮನೆಗೆ ಬರುವುದಕ್ಕಿಂತ ಎಷ್ಟೋ ಹೊತ್ತು ಮೊದಲೇ ಇರಲಿಲ್ಲ.

ಕ್ಷಮಿಸು ಅಂತ ಕೇಳುತ್ತಿಲ್ಲ.

ವೇಣುಗೋಪಾಲ


ಗಂಗಾನಗರ
19 ಜನವರಿ 2025

ವೇಣು ಅಂಕಲ್,

ನಿಮ್ಮ ಕಾಗದ ಓದಿದೆ. ಅಬ್ಬಾ ಅವತ್ತು ಎರಡು ಗಂಟೆಗೆ ಯಾಕೆ ಉತ್ತರ ಕೊಡಲಿಲ್ಲ, ಶರ್ಟು ಯಾಕೆ ಬದಲಿಸಲಿಲ್ಲ ಅಂತ ಈಗ ತಿಳಿಯುತ್ತದೆ. ಅವರಿಗೆ ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾನು ಹತ್ತಡಿ ದೂರದಲ್ಲಿ ಪರದೆಯ ಹಿಂದೆ ಇದ್ದೆ. ಎದ್ದು ಬಂದು ಒಂದು ಸಲ ಮುಖ ನೋಡಿದ್ದರೆ ಸಾಕಿತ್ತು. ಅದು ನನ್ನ ಪಾಲಿನದು. ನಿಮ್ಮದರ ಜೊತೆ ಅದನ್ನು ತೂಗಿ ನೋಡುವ ಶಕ್ತಿ ನನಗಿಲ್ಲ.

ಕಾಗದವನ್ನು ಅಮ್ಮಿಗೆ ಪೂರ್ತಿ ಹೇಳಿದೆ. ಅವರು ಅತ್ತರು, ನಿಮಗೋಸ್ಕರ. "ಪಾಪ, ಎಷ್ಟು ಕಟ್ಟಿ ಬರೆದಿದ್ದಾರೆ. ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಿದ್ದಾರೆ" ಅಂದರು.

ರೆಕಾರ್ಡಿಂಗ್ ಕೇಳಿಸಿದೆ. ನಲವತ್ತು ನಿಮಿಷ, ಬರೀ ಸಂಗೀತ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅಬ್ಬಾ ಕೆಂಪಾಪುರದಲ್ಲಿ ಏನು ಊದುತ್ತಾರೆ ಅಂತ ಅಮ್ಮಿ ಒಂದು ಸಲವೂ ಕೇಳಿರಲಿಲ್ಲ. ದುಪಟ್ಟಾ ತಲೆ ಮೇಲೆ ಎಳೆದುಕೊಂಡು, ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತು ಕೇಳಿದರು. ಮುಗಿದ ಮೇಲೆ ನನ್ನ ಮುಖ ನೋಡಿದರು.

"ಎಷ್ಟು ಚೆನ್ನಾಗಿ ಊದಿದ್ದಾರೆ ನಿಶಾತ್. ಎಲ್ಲಿದೆ ಕಾಯಿಲೆ? ಬೆಳಿಗ್ಗೆ ಇಷ್ಟು ಚೆನ್ನಾಗಿದ್ದರು."

ಅದೇ ಈಗ ಅವರ ಸಾಕ್ಷಿ. ದಿನಾ ಒಂದು ಸಲ ಹಾಕಿಸಿಕೊಂಡು ಕೇಳುತ್ತಾರೆ, ಕೇಳಿ ಅಳುತ್ತಾರೆ. ನಾನು ಎಂಟು ಸಲ ಕೇಳಿದೆ. ಇಲ್ಲದ ಸ್ವರ ನನಗೂ ತಿಳಿಯುವುದಿಲ್ಲ ಅಂಕಲ್. ಇರುವುದಷ್ಟೇ ಕೇಳಿಸುತ್ತದೆ, ಅದು ಚೆನ್ನಾಗಿಯೇ ಇದೆ. ಇಲ್ಲದ್ದನ್ನು ತೋರಿಸಿಕೊಡಬೇಕಾದವರು ನೀವು, ಪಕ್ಕದಲ್ಲಿ ಕೂತು, ಇಲ್ಲಿ, ಇಲ್ಲಿ ಅಂತ. ಆಗಸ್ಟಿನಲ್ಲಿ ಬಂದು ಕೂರಬಹುದಿತ್ತು. ಈಗ ಅಮ್ಮಿ ಇದ್ದತ್‌ನಲ್ಲಿದ್ದಾರೆ, ಗಂಡ ಸತ್ತವರು ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಎದುರಿಗೆ ಬರುವುದಿಲ್ಲ. ಅದು ಮುಗಿಯುವುದು ಏಪ್ರಿಲ್ ಮೊದಲ ವಾರ. ನಡುವೆ ಮಾರ್ಚ್ ಪೂರ್ತಿ ರಂಜಾನ್.

ಇವತ್ತೂ ರೋಜಾ ಇಟ್ಟಿದ್ದಾರೆ. ತೂಕ ಮೂವತ್ತೆಂಟು ಕೆಜಿ. ಕಾಲಿನ ಹುಣ್ಣು ಮಾಗುತ್ತಿಲ್ಲ. ಏಪ್ರಿಲ್ ತನಕ ಇರುತ್ತಾರೆ ಅಂತ ಡಾಕ್ಟರೂ ಹೇಳುತ್ತಿಲ್ಲ.

ಯಾವ ನಿಮಿಷದಲ್ಲಿ ಏನಿಲ್ಲ ಅಂತ ಬರೆದು ಕಳಿಸಿ.

ನಿಶಾತ್


ಚಿಕ್ಕಬಾಣಾವರ
23 ಜನವರಿ 2025

ನಿಶಾತ್,

ವಸಿಷ್ಠ ರಜೆ ಹಾಕಿ ಬಂದು ಎರಡು ದಿನ ನನ್ನ ಜೊತೆ ಕೂತಿದ್ದ. ನಿಮಿಷಗಳ ಪಟ್ಟಿ ಬರೆಯಲು ಶುರು ಮಾಡಿದೆವು. ಎರಡು ಪುಟ ಆದ ಮೇಲೆ ಹರಿದು ಹಾಕಿದೆ. ನೀನು ಹೇಳಿದ್ದು ಸರಿ, ಇಲ್ಲದ ಸ್ವರವನ್ನು ಪಕ್ಕದಲ್ಲಿ ಕೂತೇ ತೋರಿಸಬೇಕು, ಕಾಗದದ ಮೇಲೆ ಅಮೀನಾಗೆ ತೋರಿಸುವುದು ಆಗುವ ಕೆಲಸವಲ್ಲ.

ನಿನಗೆ ಕಳಿಸಿದ ರೆಕಾರ್ಡಿಂಗ್ ಪೂರ್ತಿಯದಲ್ಲ. ಹಾಡುಗಳ ನಡುವಿನ ಮಾತನ್ನೆಲ್ಲ ತೆಗೆದು ಕಳಿಸು ಅಂತ ವಸಿಷ್ಠನಿಗೆ ನಾನೇ ಹೇಳಿದ್ದೆ. ಸಂಗೀತ ಸಾಕು, ಹರಟೆ ಯಾಕೆ ಅಂದೆ. ಎಲ್ಲ ಒಪ್ಪಿಕೊಂಡೆ ಅಂತ ನಿನಗೆ ಬರೆದ ದಿನವೇ ಇದನ್ನೂ ಮಾಡಿದೆ.

ಪೂರ್ತಿಯದು ಇವತ್ತು ನಿನ್ನ ಫೋನಿಗೆ ಬರುತ್ತದೆ. ಮೂವತ್ತನಾಲ್ಕನೇ ನಿಮಿಷಕ್ಕೆ ಹೋಗು. ಹಾಡು ಮುಗಿದಿರುತ್ತದೆ. "ಇಡೀ ಬಲಗೈಗೇ ರೋಜಾನಾ ಗುರು?" ಅಂತ ನಾನು ಕೇಳುತ್ತೇನೆ. ಅವನು ಉತ್ತರ ಕೊಡುತ್ತಾನೆ. ನಾಲಿಗೆ ಎಳೆದೆಳೆದು ಬರುತ್ತದೆ. ಮದುವೆ ಬ್ಯಾಂಡಿನ ಕುಡುಕರನ್ನು ಅಣಕಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಹಾಗೆ ಆಡುತ್ತಿದ್ದಾನೆ ಅಂದುಕೊಂಡೆವು. ನನಗೆ ಅವತ್ತು ಶಬ್ದ ಬಿಡಿಸಿ ಕೇಳಿಸಲೂ ಇಲ್ಲ. ನಿನ್ನೆ ವಸಿಷ್ಠ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಚೀಟಿಯಲ್ಲಿ ಬರೆದು ಕೊಟ್ಟ. "ಬೆರಳು ಬರ್ತಿಲ್ಲ ಕಣೋ ವೇಣು" ಅಂತಿದೆ. ಎರಡು ಸಲ ಹೇಳಿದ್ದಾನೆ.

ಸಂಗೀತ ಗೊತ್ತಿಲ್ಲದಿದ್ದರೂ ಅಮೀನಾಗೆ ಗಂಡನ ಮಾತು ಗೊತ್ತು. ಅದು ಬೆಳಿಗ್ಗೆ ಹನ್ನೊಂದು ಐವತ್ತರ ಮಾತು ಅಂತ ಹೇಳು, ಫೋನೇ ಸಮಯ ತೋರಿಸುತ್ತದೆ.

ಅವನ ಮಾತಿನ ಮೇಲೆ ಒಂದು ನಗು ಬರುತ್ತದೆ, ತುಂಬಾ ಹೊತ್ತು. ಯಾರದು ಅಂತ ಅವಳು ಕೇಳಿದರೆ ಹೇಳಿಬಿಡು.

ವೇಣುಗೋಪಾಲ